ಜೋಜಪ್ಪನ ಮೂಳೆ

ಲೂರ್ದಮ್ಮನಿಗೆ ಅಪ್ಪನ ಮೇಲೆ ಸಿಟ್ಟು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವಳದು ಗಾರ್ಡನ್ ಕೆಲಸ. ದಿನಾ ನೀರು ಬಿಡುವ ಆ ಹುಲ್ಲಿನ ಕೆಳಗಿರುವುದು ಅವಳಪ್ಪ ಜೋಜಪ್ಪ ರಾಗಿ ಬಿತ್ತುತ್ತಿದ್ದ ಹೊಲ. ಅಪ್ಪ ಉತ್ತ ನೆಲದಲ್ಲಿ ದನವೂ ತಿನ್ನದ ಹುಲ್ಲು ಬೆಳೆಸುವ ಹಣೆಬರಹ ತನ್ನದಾಯಿತಲ್ಲ ಎಂದು ಪೈಪು ಹಿಡಿದಾಗಲೆಲ್ಲ ಗೊಣಗುತ್ತಾಳೆ.

ಕಾರ್ಖಾನೆಗೆ ಹೊಲ ಹೋದ ಮೇಲೆ ಸಂಸಾರ ಕನಕಪುರದ ಬಾಡಿಗೆ ಮನೆಗೆ ಬಂತು, ಜೋಜಪ್ಪ ಹಾಸಿಗೆ ಹಿಡಿದ. ಬೈಬಲಿನಲ್ಲಿ ಅವನದೇ ಹೆಸರಿನ ಜೋಸೆಫ್ ಪರದೇಶದಲ್ಲಿ ಸಾಯುವಾಗ, ದೇವರು ನಿಮ್ಮನ್ನು ಹಿರಿಯರ ನಾಡಿಗೆ ಕರೆದೊಯ್ಯುತ್ತಾನೆ, ಆಗ ನನ್ನ ಮೂಳೆಗಳನ್ನೂ ಹೊತ್ತೊಯ್ಯಿರಿ ಎಂದು ಆಣೆ ಹಾಕಿಸಿಕೊಳ್ಳುತ್ತಾನಲ್ಲ, ಆ ಭಾಗವನ್ನೇ ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದ. ಕೊನೆಗೆ ಲೂರ್ದಮ್ಮನ ಕೈ, ಅವಳ ತಮ್ಮ ಶೌರಿಯ ಕೈ ಎರಡನ್ನೂ ಹಿಡಿದುಕೊಂಡ.

"ದೇವ್ರು ನಿಮ್ಮನ್ನ ನಮ್ ಹೊಲಕ್ಕೆ ವಾಪಸ್ ಕರ್ಕೊಂಡೋಯ್ತಾನೆ. ಆವಾಗ ನನ್ನ ಇಲ್ಲೇ ಬುಟ್ಟೋಗ್ಬ್ಯಾಡಿ. ಅಲ್ಲೀಗಂಟ ಸಮಾಧಿಗೆ ಕಲ್ಲು ಹಾಕ್ಬ್ಯಾಡಿ, ಎತ್ತೋಕೆ ತೊಂದ್ರೆ ಆಯ್ತದೆ."

ಅಪ್ಪ ಸತ್ತ ಮೇಲೆ ಶೌರಿ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ತಮ್ಮವರ ಸಮಾಧಿಗೆ ಸುಣ್ಣ ಬಳಿದು ಮೇಣದಬತ್ತಿ ಹಚ್ಚಿದರೆ, ಇವರದು ಬರೀ ಮಣ್ಣುಗುಡ್ಡೆ. ಸಮಾಧಿ ಭೂಮಿಯಲ್ಲಿ ಜಾಗ ಸಾಲದು, ಗುರುತಿಲ್ಲದವನ್ನು ಮತ್ತೆ ಅಗೆಯುತ್ತಾರೆ, ಒಂದು ಕಲ್ಲಾದರೂ ಹಾಕಿಸೋಣ ಎಂದು ಲೂರ್ದಮ್ಮ ಬೇಡಿದಳು, ಜಗಳವಾಡಿದಳು. ಅಪ್ಪನ ಮಾತು ಮೀರುವುದುಂಟೆ ಎಂದುಬಿಡುತ್ತಿದ್ದ ಅವನು.

ಈ ವರ್ಷ ಹೋಗಿ ನೋಡಿದರೆ ಅದೇ ಜಾಗದಲ್ಲಿ ಬೇರೆ ಯಾರದೋ ಹೊಸ ಶಿಲುಬೆ. ಕಲ್ಲಿಲ್ಲವಲ್ಲ, ಹಿಂದೆಮುಂದೆ ಯಾರೂ ಇಲ್ಲವೆಂದುಕೊಂಡೆವು ಎಂದ ಕಾವಲಿನವನು, ಅಗೆದಾಗ ಸಿಕ್ಕ ಮೂಳೆ ತುಂಬಿ ಮೂಲೆಯಲ್ಲಿಟ್ಟಿದ್ದ ಗೋಣಿಚೀಲ ತಂದುಕೊಟ್ಟ. ಶೌರಿ ಚೀಲವನ್ನು ಎದೆಗವಚಿಕೊಂಡ. ಅಳುತ್ತಲೇ, ಫಾದರನ್ನು ಕೇಳಿ ಬೇರೆ ಗುಂಡಿಗೆ ಜಾಗ ನೋಡೋಣ ಎಂದ. ಲೂರ್ದಮ್ಮನಿಗೆ ಮೈಯೆಲ್ಲ ಉರಿಯಿತು.

"ಕಾದಿದ್ದು ಸಾಕು ಕಣ್ಲಾ. ದೇವ್ರು ಬರ್ಲಿಲ್ಲ. ನಾನೇ ಎತ್ಕೊಂಡೋಯ್ತೀನಿ."

ಮಾರನೆಯ ಬೆಳಗ್ಗೆ ಮೂಳೆಗಳನ್ನು ತೊಳೆದು, ಹಳೇ ಸೀರೆಯಲ್ಲಿ ಸುತ್ತಿ, ಊಟದ ಡಬ್ಬಿ ಒಯ್ಯುವ ದೊಡ್ಡ ಚೀಲದಲ್ಲಿಟ್ಟು ಕೆಲಸಕ್ಕೆ ಹೊರಟಳು. ಗೇಟಿನಲ್ಲಿ ಚೀಲ ತಪಾಸಣೆ ಇರುವುದು ಹೊರಗೆ ಹೋಗುವಾಗ. ಒಳಗೆ ಏನು ತಂದರೂ ಕೇಳುವವರಿಲ್ಲ. ಹಿಂದೆ ರಾಗಿ ಕಣವಿದ್ದ ಕಾಂಪೌಂಡ್ ಮೂಲೆಯಲ್ಲಿ ಅವತ್ತು ಹೊಂಗೆ ಸಸಿ ನೆಡುವುದಿತ್ತು. ಸಸಿಗೆ ಇಷ್ಟು ಆಳದ ಗುಂಡಿ ಯಾಕೆ ಎಂದ ಸೂಪರ್‌ವೈಸರ್‌ಗೆ, ಬಿಸಿಲಿಗೆ ಒಣಗದಿರಲಿ ಎಂದಳು. ಅವನು ಅತ್ತ ಹೋದ ಮೇಲೆ ಸೀರೆಯ ಗಂಟನ್ನು ಕೆಳಗಿಟ್ಟು ಶಿಲುಬೆ ಗುರುತು ಹಾಕಿದಳು, ಮಣ್ಣು ಎಳೆದಳು, ಸಸಿ ನೆಟ್ಟಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ನೀನೇನೋ ಬಂದ್ಬುಟ್ಟೆ ಕಣಪ್ಪಾ," ಎಂದಳು ಪೈಪು ಹಿಡಿದುಕೊಂಡು. "ನಮ್ಮನ್ನ ಕರ್ಕೊಂಡ್ ಬತ್ತಾನೆ ಅಂದಿದ್ದ್ಯಲ್ಲ, ಅವ್ನೆಲ್ಲಿ?"

ಸಂಜೆ ಸೈರನ್ ಆಯಿತು. ಗೇಟಿನವನು ಅವಳ ಚೀಲ ಬಿಚ್ಚಿ ನೋಡಿದ. ಈ ಹೊಲದ್ದು ಅದರಲ್ಲಿ ಏನೂ ಇರಲಿಲ್ಲ. ಹೋಗಮ್ಮ ಎಂದ.