ಮೊದಲ ನೀರು

ಚರ್ಚಿನ ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಅವಳದೇ. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಕ್ಕ. ಪೂಜೆಯ ಪಾತ್ರೆ ಒರೆಸಿದ ಬಿಳಿ ಬಟ್ಟೆಗಳನ್ನು ಮೊದಲು ಸೋಪಿಲ್ಲದೆ ಬರೀ ನೀರಿನಲ್ಲಿ ಅದ್ದಬೇಕು. ಆ ಮೊದಲ ನೀರು ಚರಂಡಿಗೆ ಹೋಗಕೂಡದು, ಮಣ್ಣಿಗೇ ಸೇರಬೇಕು. ಕ್ರಿಸ್ತರ ಶರೀರವೆಂದೇ ನಂಬುವ ಪರಮಪ್ರಸಾದದ ರೊಟ್ಟಿಯ ಕಣವೊಂದು ಅದರಲ್ಲಿ ಉಳಿದಿದ್ದರೆ? ಹಿತ್ತಲಿನ ಗುಲಾಬಿ ಗಿಡ ಆ ನೀರು ಕುಡಿದೇ ಬೆಳೆದಿತ್ತು.

ಪ್ರಸಾದದ ವಿಷಯಕ್ಕೆ ಬಂದರೆ ಅವಳು ಪಾದ್ರಿಗಳಿಗಿಂತ ಒಂದು ಕೈ ಮೇಲು. ಅದನ್ನು ಪಡೆಯುವ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದೆಂಬುದು ನಿಯಮ. ಇವಳು ಹಿಂದಿನ ಸಂಜೆಯೇ ಬಾಯಿ ಕಟ್ಟುತ್ತಿದ್ದಳು. ಸಾಲಿನಲ್ಲಿ ಯಾರಾದರೂ ಉಗುರಲ್ಲಿ ಕೊಳೆ ಇಟ್ಟುಕೊಂಡು ಕೈ ಚಾಚಿದರೆ ದುರುಗುಟ್ಟಿ ನೋಡುತ್ತಿದ್ದಳು.

ಅಂಥವಳಿಗೆ ಎಡಸಾಲಿನ ಮೂರನೇ ಬೆಂಚಿನಲ್ಲಿ ಕೂರುವ ಸ್ವಂತ ತಂಗಿಯ ಜೊತೆ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವಳು ತಂಗಿ. ವಾಸನೆಗೆ ವಾಕರಿಕೆ ಬರುತ್ತದೆಂದು ಅಕ್ಕ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಅಮ್ಮನ ಮಣ್ಣು ಮುಗಿದ ದಿನ ತಂಗಿ ಮೆಲ್ಲಗೆ ಅಂದಿದ್ದಳು: "ಪೀಠದ ಬಟ್ಟೆ ಒಗೀತೀಯ, ಅಮ್ಮನ ಬಟ್ಟೆ ಮಾತ್ರ ಒಂದು ದಿನಾನೂ ಮುಟ್ಟಲಿಲ್ಲ."

ಸುಳ್ಳಾಗಿದ್ದರೆ ನಾಲ್ಕು ಮಾತು ಬೈದು ಮರೆತುಬಿಡಬಹುದಿತ್ತು. ನಿಜವಾದ್ದರಿಂದ ನುಂಗಲಾಗಲಿಲ್ಲ.

ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ಇಸ್ತ್ರಿಯಕ್ಕ ಬಲಕ್ಕೆ ಕೈಮುಗಿಯುವಳು, ಹಿಂದಕ್ಕೆ ಕೈಮುಗಿಯುವಳು. ಎಡಕ್ಕೆ ಕುತ್ತಿಗೆ ಹೊರಳುತ್ತಲೇ ಇರಲಿಲ್ಲ. ಆಮೇಲೆ ಎಲ್ಲರಿಗಿಂತ ಮೊದಲು ಹೋಗಿ ಪ್ರಸಾದ ಪಡೆಯುವಳು. ಊರವರ ಉಗುರು ಕಂಡವಳಿಗೆ ಇದೊಂದು ಕಾಣಲಿಲ್ಲ ನೋಡಿ.

ತಂಗಿಗೆ ಗಂಟಲಲ್ಲಿ ಗಡ್ಡೆ ಬೆಳೆಯಿತು. ಪಾದ್ರಿಗಳು ಪ್ರತಿ ಶುಕ್ರವಾರ ಅವಳ ಮನೆಗೇ ಪ್ರಸಾದ ಒಯ್ಯತೊಡಗಿದರು. ಒಂದು ವಾರ ಪೀಠದ ಬಟ್ಟೆ ತೆಗೆದುಕೊಳ್ಳಲು ಇಸ್ತ್ರಿಯಕ್ಕನ ಮನೆಗೆ ಬಂದವರು ಹಾಗೇ ನಿಂತರು.

"ನಿನ್ನ ತಂಗಿಗೆ ಪ್ರಸಾದದ ಒಂದು ಚೂರು ಇಳಿಯೋಕೂ ಯಾರಾದ್ರೂ ನೀರು ಕುಡಿಸ್ಬೇಕು. ಅಕ್ಕ ಕುಡಿಸಿದ್ರೆ ಚೆನ್ನಾಗಿತ್ತು ಅಂದ್ಲು. ಬರ್ತೀಯಾ?"

"ಇಸ್ತ್ರಿ ಪೆಟ್ಟಿಗೆ ಕಾದಿದೆ, ಫಾದರ್. ಮುಂದಿನ ವಾರ ನೋಡೋಣ."

ಮುಂದಿನ ವಾರಕ್ಕೆ ತಂಗಿ ಇರಲಿಲ್ಲ.

ಮಣ್ಣಾದ ಮೇಲಿನ ಭಾನುವಾರ ಇಸ್ತ್ರಿಯಕ್ಕ ಅಭ್ಯಾಸದಂತೆ ಸಾಲಿನ ಮೊದಲಲ್ಲೇ ನಿಂತಳು. "ಕ್ರಿಸ್ತರ ಶರೀರ" ಎಂದು ಪಾದ್ರಿಗಳು ಎತ್ತಿ ಹಿಡಿದರು. ಆಮೆನ್ ಎನ್ನಲು ಬಾಯಿ ಬರಲಿಲ್ಲ. ಉಜ್ಜಿ ತೊಳೆದುಕೊಂಡ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಒಂದು ಕೆಲಸ ಬಾಕಿ ಇದೆ, ಫಾದರ್" ಎಂದು ಸಾಲು ಬಿಟ್ಟು ನೇರ ತಂಗಿಯ ಮನೆಗೆ ನಡೆದಳು.

ತಂಗಿಯ ಮಗಳು ಖಾಲಿ ಮಂಚ ಒರೆಸುತ್ತಿದ್ದಳು.

"ಅವಳ ಹಾಸಿಗೆ ಬಟ್ಟೆ ಎಲ್ಲಾ ಕೊಡಮ್ಮ. ನಾನು ಒಗೀತೀನಿ."

"ಮೊನ್ನೆನೇ ಒಗೆದುಬಿಟ್ವಲ್ಲ, ದೊಡ್ಡಮ್ಮ."

"ದಿಂಬಿನ ಚೀಲ? ಬಾಯಿ ಒರೆಸಿದ ಬಟ್ಟೆ? ಒಂದೂ ಉಳಿದಿಲ್ವಾ?"

"ಎಲ್ಲಾ ಆಯ್ತು."

ಇಸ್ತ್ರಿಯಕ್ಕ ಬಚ್ಚಲ ಬಾಗಿಲವರೆಗೆ ಹೋಗಿ ಒಳಗೆ ಇಣುಕಿದಳು.

"ಮೊದಲ ನೀರು ಎಲ್ಲಿಗೆ ಚೆಲ್ಲಿದ್ರಿ?"

ಹುಡುಗಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಚರಂಡಿಗೆ. ಇನ್ನೆಲ್ಲಿಗೆ?"

ಇಸ್ತ್ರಿಯಕ್ಕ ಬಚ್ಚಲ ಹೊಸ್ತಿಲ ಮೇಲೆ ಕೂತಳು. ನೀರು ಹರಿದುಹೋದ ಆ ತೂತಿನ ಮೇಲೆ ಅಂಗೈ ಮುಚ್ಚಿ, ತಂಗಿಯ ಹೆಸರು ಹಿಡಿದು ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಕರೆದಳು.