ಮರಳುಗಾಡಿನಲ್ಲಿ ಒಂದು ಸ್ನಾನ

ಮೊನ್ನೆ ಅಟ್ಟದಿಂದ ಹಳೆಯ ಟಾರ್ಪಾಲು ಇಳಿಸಿ ಬಿಡಿಸಿದಾಗ ಎಣ್ಣೆ, ಮಣ್ಣು ಬೆರೆತ ಕಮಟು ವಾಸನೆ ಎದ್ದಿತು. ನೀವಾದರೆ ಮೂಗು ಮುಚ್ಚುತ್ತಿದ್ದಿರಿ. ನನಗೆ ಅದು ಹರೆಯದ ವಾಸನೆ.

ಎಪ್ಪತ್ತೊಂದರ ಯುದ್ಧ ಬೇಗ ಮುಗಿಯಿತು. ನಮ್ಮ ಡೇರೆಗಳು ಮಾತ್ರ ರಾಜಸ್ಥಾನದ ಮರಳಿನಲ್ಲಿ ತಿಂಗಳುಗಟ್ಟಲೆ ನಿಂತೇ ಇದ್ದವು. ಮೀಂಜದ ನಾನು, ನಮ್ಮ ಊರ ಕಡೆಯದೇ ಆದ ನೆಕ್ರಾಜೆಯ ಐತಪ್ಪ ಒಂದೇ ಡೇರೆಯವರು. ಯುದ್ಧದ ಕಥೆ ಕೇಳುವವರಿಗೆ ನಾನು ಹೇಳುವುದು ಐತಪ್ಪನ ಗೊರಕೆಯ ಕಥೆ. ರೊಟ್ಟಿ ತಿನ್ನುವಾಗ ಅವನು ಕಣ್ಣು ಮುಚ್ಚಿ, "ಇದು ಗಂಜಿ, ಇದು ಗಂಜಿ" ಎನ್ನುತ್ತಿದ್ದ.

ಟ್ಯಾಂಕರಿನ ನೀರು ಕುಡಿಯಲಿಕ್ಕಷ್ಟೇ. ಒಂದು ದಿನ ನೆಲದಲ್ಲಿ ಉಳಿದಿದ್ದ ಮೈನ್ ಸಿಡಿದು ನಮ್ಮಲ್ಲೊಬ್ಬ ಸತ್ತ. ದಹನ ಮುಗಿಸಿ ಬಂದವನು ತಲೆಗೆ ನೀರು ಹಾಕದೆ ಊಟಕ್ಕೆ ಕೂರುವುದು ನಮ್ಮ ಕಡೆ ಉಂಟೇ? ಪಕ್ಕದ ಗುಡಿಸಲಿನ ಅಂಗಳದಲ್ಲಿ ಮುಚ್ಚಳ ಹಾಕಿದ ನೀರಿನ ಗುಂಡಿಯಿತ್ತು. ಮನೆಗೊಂದು ಬಾವಿಯಿರುವ ಊರಿನವನು ನಾನು. ಬಾವಿಯೆಂದೇ ತಿಳಿದು ಕೊಡದ ಮೇಲೆ ಕೊಡ ಸುರಿದುಕೊಂಡೆ. ಅದು ಹೋದ ಮಳೆಯ ನೀರು, ಬೇಸಿಗೆಗೆಂದು ಕೂಡಿಟ್ಟದ್ದು. ತಳದ ಕೆಸರು ಬಂದಾಗಲೇ ನಾನು ನಿಲ್ಲಿಸಿದ್ದು.

ಮಾರನೆಯ ಬೆಳಿಗ್ಗೆ ಆ ಮನೆಯ ಹೆಂಗಸು ಖಾಲಿ ಕೊಡ ಹಿಡಿದು ಕ್ಯಾಂಪಿಗೆ ಬಂದಳು. ಸುಬೇದಾರರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಯಾರೆಂದು ಕೇಳಿದರು. ನನ್ನ ರಜೆ ಮಂಜೂರಾಗಿತ್ತು, ನಾಲಗೆ ಏಳಲಿಲ್ಲ. ಐತಪ್ಪ ಮುಂದೆ ಬಂದು, ನಾನೇ ಎಂದ. ಮದುವೆಗೆಂದು ಸಿಕ್ಕಿದ್ದ ಅವನ ರಜೆ ರದ್ದಾಯಿತು.

"ಎಂತಕ್ಕೆ ಮಾರಾಯ?" ಎಂದೆ.

"ನಿನ್ನ ಅಮ್ಮ ಮಲಗಿದಲ್ಲೇ ಅಲ್ವಾ? ನೀನು ಹೋಗು. ನನ್ನ ಹುಡುಗಿ ಎಲ್ಲಿಗೂ ಓಡುವುದಿಲ್ಲ."

ಹುಡುಗಿ ಓಡಲಿಲ್ಲ, ಬಿಡಲೂ ಇಲ್ಲ. ಮದುವೆಯಾದ ಮೇಲೆ ನಾನು ಹೋದಾಗಲೆಲ್ಲ ಲಲಿತಕ್ಕ, "ಇವರಿಗೆ ನನಗಿಂತ ಸ್ನಾನ ದೊಡ್ಡದಾಯ್ತು ಅಣ್ಣ" ಎಂದು ಗಂಡನನ್ನು ಚುಚ್ಚುವುದು, ಐತಪ್ಪ ನಗುವುದು. ನಾನೂ ನಕ್ಕು, ಚಾ ಕುಡಿದು ಬರುತ್ತಿದ್ದೆ. ಹೀಗೆ ಐವತ್ತು ವರ್ಷ.

ಮೊನ್ನೆ ಟಾರ್ಪಾಲನ್ನು ಅಂಗಳದಲ್ಲೇ ಬಿಟ್ಟು ನೆಕ್ರಾಜೆಗೆ ಹೋದೆ. ಅಂದು ಮಿಂದವನು ನಾನು ಎಂದು ಲಲಿತಕ್ಕನಿಗೆ ಹೇಳಿಬಿಟ್ಟೆ.

"ಹಾಗಾದರೆ ಇಷ್ಟು ವರ್ಷ ನಾನು ಇವರಿಗೆ ಬೈದದ್ದು?"

"ಅದಿಲ್ಲದಿದ್ದರೆ ನೀನು ಬೇರೆ ಎಂತಾದರೂ ಹುಡುಕ್ತಿದ್ದೆ," ಎಂದ ಐತಪ್ಪ.

ಲಲಿತಕ್ಕ ನಗಲಿಲ್ಲ. "ನಮ್ಮ ಮದುವೆ ತಡವಾದದ್ದು ಇರಲಿ ಅಣ್ಣ. ಆ ಹೆಂಗಸು ಆಮೇಲೆ ನೀರಿಗೆ ಎಂತ ಮಾಡಿದ್ಲು?"

ಟ್ಯಾಂಕರಿನಿಂದ ಅವಳಿಗೆ ನೀರು ಕೊಟ್ಟರೋ ಇಲ್ಲವೋ, ನಮ್ಮಿಬ್ಬರಿಗೂ ಗೊತ್ತಿಲ್ಲ. ಅಷ್ಟು ಸಲ ಆ ಕಥೆಗೆ ನಕ್ಕವರು ಒಮ್ಮೆಯೂ ಅದನ್ನು ಕೇಳಿಕೊಂಡಿರಲಿಲ್ಲ. ಗೆಳೆಯನ ಋಣವೊಂದೇ ನನ್ನ ಮೇಲಿರುವುದೆಂದು ನಂಬಿ ಮುದುಕನಾಗಿದ್ದೆ. ಈಗ ಆ ತಾಯಿಯ ಮುಖ ನೆನಪಿಸಿಕೊಳ್ಳಲು ನೋಡುತ್ತೇನೆ. ಕಣ್ಣಿಗೆ ಬರುವುದು ಅವಳ ಕೈಯ ಖಾಲಿ ಕೊಡ ಮಾತ್ರ.