ನನ್ನ ಗಿಟಾರಿಗೆಂದು ಮಾಡಿಸಿದ ವಾಲ್ವ್ ಡಬ್ಬಿ

ಭಜನಾ ಮಂಡಳಿಯವರು ನನಗೆ ಮೂರು ಭಾನುವಾರಗಳ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ನನ್ನ ಸ್ಟೀಲ್ ಗಿಟಾರು ಸರಿಹೋಗದಿದ್ದರೆ ನನ್ನ ಜಾಗದಲ್ಲಿ ಕೀಬೋರ್ಡ್ ಬರುತ್ತದೆ. ಇದನ್ನು ಯಾರೂ ಜಗಳವಾಡಿ ಹೇಳಲಿಲ್ಲ. ಅಕ್ಕಲಕೋಟದಿಂದ ತುಸು ಆಚೆ, ಬೀರೋಬಾನ ಗುಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಮುಂದೆ ಹಾಡುವ ಅಜ್ಜ ಹೇಳಿದರು: "ಪೇಪರ್‌ನವರ, ನಿಮ್ಮ ಗಿಟಾರಿನ ಸಲುವಾಗಿ ಪದ ಕೇಳಸವಲ್ದು ನೋಡ್ರಿ."

ಅಜ್ಜ ಕುರಿ ಸಾಕುವ ಮನೆತನದವರು. ಪ್ರಾಯದಲ್ಲಿ ಅವರ ಧ್ವನಿ ಮೈಕಿಲ್ಲದೆ ಎರಡು ಹೊಲ ದಾಟುತ್ತಿತ್ತಂತೆ. ಈಗ ಮೈಕಿದ್ದರೂ ಗುಡಿಯ ಅಂಗಳ ದಾಟುವುದು ಕಷ್ಟ.

ನಾನು ಸೋಲಾಪುರದ ಒಂದು ಮರಾಠಿ ಪತ್ರಿಕೆಯಲ್ಲಿ ನಿವೃತ್ತಿಯವರೆಗೆ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದಿದವನು. ಅಜ್ಜನ ಮಾತನ್ನು ಯಾವುದಾದರೂ ಹೊಸ ವರದಿಗಾರ ತಂದಿದ್ದರೆ, "ಯಾವಾಗ ಕೇಳಿಸುವುದಿಲ್ಲ? ಯಾವ ಸಾಲಿನಲ್ಲಿ? ಕೇಳಿಕೊಂಡು ಬಾ" ಎಂದು ವಾಪಸು ಕಳಿಸುತ್ತಿದ್ದೆ. ನಾನೇ ಅಲ್ಲಿದ್ದಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಗಿಟಾರಿನ ಧ್ವನಿ ಕರ್ಕಶವಾಗಿದೆ, ಅಷ್ಟೇ, ಎಂದು ಬಸ್ಸು ಹತ್ತುವ ಮೊದಲೇ ತೀರ್ಮಾನಿಸಿಬಿಟ್ಟೆ. ದೋಷ ವಾದ್ಯದ್ದು ಎಂಬ ತೀರ್ಮಾನ ವಾದಕನಿಗೆ ಯಾವಾಗಲೂ ಹಿತವಾಗಿರುತ್ತದೆ.

ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುತ್ತಾರೆ. ಚೆನ್ನಾಗಿ ಜಾರಿಸಿದರೆ ಮನುಷ್ಯ ಹಾಡಿದಂತೆ ಕೇಳುತ್ತದೆ. ನಾನು ಜಾರಿಸಿದರೆ ಹೇಗೆ ಕೇಳುತ್ತದೆ ಎಂಬುದೇ ಈಗಿನ ಪ್ರಶ್ನೆಯಾಗಿತ್ತು.

ಮಂಡಳಿಯಲ್ಲಿ ತಾಳ ಹಿಡಿಯುವ ಗೆಳೆಯನೊಬ್ಬ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪವರ್‌ಲೂಮ್‌ಗಳ ಕರೆಂಟಿನ ಪ್ಯಾನೆಲ್ ರಿಪೇರಿ ಮಾಡುತ್ತಾನೆ. ನನ್ನ ಕಷ್ಟ ಕೇಳಿ ಅವನು ಒಂದು ಪ್ರಿಆಂಪ್ ಮಾಡಿಕೊಟ್ಟ. ಗಿಟಾರಿನ ಸಣ್ಣ ಧ್ವನಿ ಸ್ಪೀಕರಿಗೆ ಹೋಗುವ ಮೊದಲು ಅದನ್ನು ತಿದ್ದಿ ಬೆಳೆಸುವ ಪೆಟ್ಟಿಗೆ ಅದು. ಹಳೆಯ ರೇಡಿಯೋಗಳಲ್ಲಿರುವಂಥ ಗಾಜಿನ ವಾಲ್ವ್ ಒಂದು, ಉಳಿದದ್ದೆಲ್ಲ ಇಂದಿನ ಚಿಪ್‌ಗಳು, ಎಲ್ಲವೂ ಸ್ಟೀಲಿನ ಊಟದ ಡಬ್ಬಿಯೊಳಗೆ. ಮುಚ್ಚಳದ ತೂತಿನಿಂದ ವಾಲ್ವಿನ ತಲೆ ಹೊರಗೆ ಇಣುಕುತ್ತಿತ್ತು.

"ಇದಕ್ಕ ಹೈಬ್ರಿಡ್ ಅಂತಾರ್ರಿ ಅಣ್ಣಾರ," ಎಂದ.

"ಹೈಬ್ರಿಡ್ ಅಂದ್ರ ಜ್ವಾಳ ಇದ್ದಂಗನು?" ನನ್ನ ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಹಂಗ ತಿಳೀರಿ ವೈನಿ. ಆದ್ರ ಇದಕ್ಕ ರುಚಿ ಐತಿ."

ರುಚಿ ಇದೆಯೋ ಇಲ್ಲವೋ ನಿರ್ಧರಿಸಲು ಪರೀಕ್ಷೆ ಏರ್ಪಡಿಸಿದೆ. ಪಕ್ಷಪಾತ ಆಗಬಾರದು ಎಂದು ನಡುಮನೆಯಲ್ಲಿ ಹಗ್ಗ ಕಟ್ಟಿ ಒಂದು ಸೋಲಾಪುರಿ ಚಾದರ ಇಳಿಬಿಟ್ಟೆ. ಅದರ ಹಿಂದೆ ಗೆಳೆಯ ಕೂತು, ವೈರನ್ನು ಒಮ್ಮೆ ನೇರವಾಗಿ, ಒಮ್ಮೆ ಡಬ್ಬಿಯ ಮೂಲಕ ಜೋಡಿಸಬೇಕು. ಯಾವುದು ಯಾವುದೆಂದು ನನಗೂ ಗೊತ್ತಾಗಬಾರದು, ಸಾಕ್ಷಿಗೂ ಗೊತ್ತಾಗಬಾರದು. ಸಾಕ್ಷಿ ಎಂದರೆ ಹೆಂಡತಿ. ಒಬ್ಬರ ಮಾತಿನ ಮೇಲೆ ಸುದ್ದಿ ಹಾಕಬಾರದು ಎಂಬ ಕಚೇರಿಯ ನಿಯಮವನ್ನು ನಾನು ಮನೆಯಲ್ಲೂ ಬಿಟ್ಟಿರಲಿಲ್ಲ.

ಭಜನೆಯ ಒಂದೇ ಪದವನ್ನು ಹನ್ನೆರಡು ಸಲ ನುಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ; ಯಾವುದು ಯಾವುದೆಂದು ಗೆಳೆಯ ಕಡೆಗೆ ಹೇಳಿದ. ನೇರ ಜೋಡಣೆಯಲ್ಲಿ ಮೇಲಿನ ತಂತಿಗಳು ಫರಸಿ ಕಲ್ಲಿನ ನೆಲದ ಮೇಲೆ ಚಮಚ ಬಿದ್ದಂತೆ ಕೇಳುತ್ತವೆ. ಡಬ್ಬಿಯ ಮೂಲಕ ಅದೇ ಸ್ವರದ ಅಂಚು ಮೆತ್ತಗಾಗುತ್ತದೆ. ಉಕ್ಕು ಉಜ್ಜುವ ಸದ್ದು ಹಿಂದೆ ಸರಿಯುತ್ತದೆ. ಸಣ್ಣಗೆ ಗುಂಯ್ ಎನ್ನುವ ಸದ್ದೊಂದಿತ್ತು. ಗೆಳೆಯ ಟ್ರಾನ್ಸ್‌ಫಾರ್ಮರನ್ನು ಡಬ್ಬಿಯ ಹೊರಗೆ ದೂರ ಇಟ್ಟ ಮೇಲೆ ಅದೂ ಹೋಯಿತು. ಎಲ್ಲಕ್ಕಿಂತ ಮುಖ್ಯ, ಸ್ವರ ಬೇಗ ಸಾಯುವುದಿಲ್ಲ. ಮೊದಲು ಮೂರು ಎಣಿಸುವಷ್ಟರಲ್ಲಿ ಅಡಗುತ್ತಿದ್ದದ್ದು ಈಗ ಆರು ಎಣಿಸಿದರೂ ನಿಂತಿರುತ್ತದೆ. ಈ ವಾಕ್ಯದ ಕೆಳಗೆ ಎರಡು ಗೆರೆ ಎಳೆದೆ.

"ಯಾವುದು ಚೊಲೊ ಇತ್ತು?" ಎಂದು ಸಾಕ್ಷಿಯನ್ನು ಕೇಳಿದೆ.

"ಕಡೀಕಿಂದು."

"ಯಾಕ?"

"ಅದರ ಮುಂದ ಮತ್ತ ಬಾರಸಲಿಲ್ಲಲ್ಲ."

ಸಾಕ್ಷಿಯ ಗಮನ ರೊಟ್ಟಿಯ ಮೇಲಿತ್ತು ಎಂದು ನಮೂದಿಸಿ ಆ ಹೇಳಿಕೆಯನ್ನು ಕೈಬಿಟ್ಟೆ.

ಗಡುವಿನ ಕೊನೆಯ ಭಾನುವಾರ, ಬಿಸಿಲು ಇಳಿಯುವ ಹೊತ್ತಿಗೆ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗುಡಿಗೆ ಹೋದೆ. ನಮ್ಮಲ್ಲಿ ಅಜ್ಜ ಒಂದು ಸಾಲು ಹಾಡುತ್ತಾರೆ, ಹಿಮ್ಮೇಳದವರು ಅದನ್ನೇ ತಿರುಗಿ ಹಾಡುತ್ತಾರೆ. ಮೊದಲ ಸಾಲಿಗೇ ನನ್ನ ಗಿಟಾರು ತುಪ್ಪದಂತೆ ಹರಿಯಿತು. ಎರಡನೆಯ ಸಾಲು ಶುರುವಾದಾಗಲೂ ಹರಿಯುತ್ತಿತ್ತು. ಮೂರನೆಯದಕ್ಕೆ ಹಿಮ್ಮೇಳದವರು ಸ್ವರ ತಪ್ಪಿದರು. ಅಜ್ಜ ಕೈಯೆತ್ತಿ ನಿಲ್ಲಿಸಿದರು.

"ಧ್ವನಿ ಭಾಳ ಚೊಲೊ ಆಗೇತ್ರಿ," ಎಂದರು.

ನಾನು ವಿನಯದಿಂದ ತಲೆ ಬಾಗಿಸಿದೆ.

"ಆದ್ರ ಮೊದಲ, ನನ್ನ ಮಾತ ಮುಗಿಯೂದ್ರೊಳಗ ಬರತಿದ್ರಿ. ಈಗ ಬಂದವ್ರು ಹೋಗವಲ್ರಿ."

ಹಿಮ್ಮೇಳದವರೆಲ್ಲ ನಕ್ಕರು. ತಾಳ ಹಿಡಿದ ಗೆಳೆಯನೂ ನಕ್ಕ; ಡಬ್ಬಿ ಮಾಡಿದವನೇ ಅವನು. ಆಗ ನಾನು ಮೂರು ವಾರ ತಡವಾಗಿ ಕೇಳಿದೆ: "ಹಂಗಾದ್ರ ನಾ ಎಲ್ಲಿ ಬರಬೇಕ್ರಿ ಅಜ್ಜಾರ?"

"ನಾ ಒಂದ ಸಾಲ ಹಾಡ್ತೀನಿ. ಇವ್ರು ಹೊಳ್ಳಿ ಹಾಡ್ತಾರ. ಆಮ್ಯಾಲ ನಾ ಉಸರ ತೊಗೋತೀನಿ. ಆ ಉಸರಿನ್ಯಾಗ ಬರ್ರಿ, ಉಸರಿನ್ಯಾಗ ಹೋಗ್ರಿ."

ಇಷ್ಟು ದಿನ ಅಜ್ಜನ ಸಾಲನ್ನು ಹಿಮ್ಮೇಳಕ್ಕಿಂತ ಮೊದಲೇ ನಾನು ಗಿಟಾರಿನಲ್ಲಿ ಹಾಡಿ, ಹಿಮ್ಮೇಳದವರು ಹಾಡುವಾಗ ಮತ್ತೊಮ್ಮೆ ಹಾಡುತ್ತಿದ್ದೆ. ಒಂದೇ ಸುದ್ದಿ ಎರಡು ಪುಟದಲ್ಲಿ ಬಂದದ್ದಕ್ಕೆ ನಾನು ಎಷ್ಟು ಜನರನ್ನು ಬೈದಿದ್ದೇನೋ ಲೆಕ್ಕವಿಲ್ಲ.

ಗೆಳೆಯ ಎದ್ದು ಬಂದು ನನ್ನ ಗಿಟಾರಿನ ವೈರನ್ನು ಡಬ್ಬಿಯಿಂದ ಕಿತ್ತು ಅಜ್ಜನ ಕಡೆ ತಿರುಗಿದ. "ಮಾಮಾ, ಒಂದ ಸಲ ನಿಮ್ಮ ಮೈಕ್ ಇದಕ್ಕ ಹಚ್ಚಿ ನೋಡೂಣು," ಎಂದು ನನ್ನ ಅಭಿಪ್ರಾಯ ಕೇಳದೆ ಹಚ್ಚಿಯೂ ಬಿಟ್ಟ.

ಅಜ್ಜ ಅದೇ ಸಾಲು ಹಾಡಿದರು. ಒಡೆದ ಧ್ವನಿಯ ಬಿರುಕುಗಳು ಹಾಗೆಯೇ ಇದ್ದವು, ಆದರೆ ಅವುಗಳ ನಡುವೆ ಧ್ವನಿ ಮೈ ತುಂಬಿಕೊಂಡಿತ್ತು. ಅಂಗಳದಾಚೆ ಬೇವಿನ ಕೆಳಗೆ ಮಾತಾಡುತ್ತಿದ್ದ ಹೆಣ್ಣುಮಕ್ಕಳು ಮಾತು ನಿಲ್ಲಿಸಿ ಇತ್ತ ತಿರುಗಿದರು. ಅಜ್ಜನೂ ಅರ್ಧಕ್ಕೆ ನಿಂತು ಸ್ಪೀಕರಿನ ಕಡೆ ನೋಡಿದರು.

"ಯಾರಪ್ಪಾ ಹಾಡಿದವ್ರು?"

"ನೀವರಿ ಮಾಮಾ."

"ಭಾಳ ದಿವಸ ಆಗಿತ್ತು," ಎಂದರು ಅಜ್ಜ, ಮತ್ತೆ ಮೊದಲಿನಿಂದ ಹಾಡಿದರು.

ಕೀಬೋರ್ಡ್ ಬೇಡವೆಂದು ಅವತ್ತೇ ತೀರ್ಮಾನವಾಯಿತು. ಡಬ್ಬಿಯನ್ನು ವಾಪಸು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನನ್ನ ಗಿಟಾರಿನ ವೈರು ಈಗ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ಅಜ್ಜ ಉಸಿರು ತೆಗೆದುಕೊಳ್ಳುವಾಗ ನಾಲ್ಕು ಸ್ವರ ನುಡಿಸಿ ಸುಮ್ಮನಾಗುತ್ತೇನೆ.

ಕಳೆದ ಭಾನುವಾರ ಐದಾದವು. ಅಜ್ಜ ತಿರುಗಿ ನೋಡಿದರು.